ಕಿಡಿಯಿಂದ ಕೀರ್ತಿ ಪಡೆದ ರೈತನ ಮಗ ರಾಬರ್ಟ್ ಬಾಷ್

ಬೆಳಗಿನ ಹೊತ್ತು ಸಂಪಿಗೆ ಕಡೆಯ ತೋಟದ ದಾರಿಗಳಲ್ಲಿ ನಾಲ್ಕು ಜನ ಸೇರಿ ಟ್ರಾಕ್ಟರ್ ತಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೊಬ್ಬರಿ ಚೀಲ ತುಂಬಿದ ಟ್ರೈಲರನ್ನು ಕಳಚಿ ಪಕ್ಕಕ್ಕೆ ನಿಲ್ಲಿಸಿರುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ಹೊತ್ತಾಗುತ್ತಿರುತ್ತದೆ. ಸೆಲ್ಫ್ ಮಾತ್ರ ಟಕ್ ಎಂದು ಸುಮ್ಮನಾಗುತ್ತದೆ. ಬೈಗುಳವೆಲ್ಲ ಬ್ಯಾಟರಿಯ ಪಾಲಿಗೆ. ತಪ್ಪು ಬಹಳ ಸಲ ಬೇರೆ ಕಡೆ ಇರುತ್ತದೆ. ಅದು ಎಲ್ಲಿ ಎಂಬುದನ್ನು ಒಬ್ಬ ದೊಡ್ಡ ಮನುಷ್ಯನ ಜೀವನದ ಮೂಲಕವೇ ನೋಡೋಣ. ಮೈಕೋ ಪ್ಲಗ್ಗು, ಮೈಕೋ ಡೀಸೆಲ್ ಪಂಪು ಎಂದರೆ ನಮ್ಮ ಹಿರಿಯರಿಗೆ ಪರಿಚಿತ. ಆ ಕಾರ್ಖಾನೆಯ ಮೂಲಪುರುಷ ಜರ್ಮನಿಯ ರಾಬರ್ಟ್ ಬಾಷ್.

ಬಾಷ್ ಅವರು 1861ರ ಸೆಪ್ಟೆಂಬರ್ 23ರಂದು ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆಗೆ ಜಮೀನೂ ಇತ್ತು, ದಾರಿಹೋಕರಿಗೆ ಊಟ ವಸತಿ ಕೊಡುವ ಒಂದು ಛತ್ರದಂಥ ಹೋಟೆಲೂ ಇತ್ತು. ಶಾಲೆ ಮುಗಿಸಿದ ಹುಡುಗನನ್ನು ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಉಲ್ಮ್‌ನ ಒಬ್ಬ ಕುಶಲಕರ್ಮಿಯ ಬಳಿ ಬಿಟ್ಟರು. ಆ ಗುರು ಹೆಚ್ಚೇನೂ ಕಲಿಸಲಿಲ್ಲ. ಈ ಕೊರಗು ಬಾಷ್ ಅವರಿಗೆ ಕೊನೆಯವರೆಗೂ ಇತ್ತು. ಮುಂದೆ ತಮ್ಮ ಕಾರ್ಖಾನೆಯಲ್ಲಿ ಕಲಿಯುವ ಹುಡುಗರಿಗೆಂದೇ ಪ್ರತ್ಯೇಕ ತರಬೇತಿ ವಿಭಾಗ ತೆರೆದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅನಂತರ ಅಮೆರಿಕಕ್ಕೆ ಹೋಗಿ ಎಡಿಸನ್ ಅವರ ಕಾರ್ಖಾನೆಯಲ್ಲಿಯೂ, ಇಂಗ್ಲೆಂಡಿನಲ್ಲಿ ಸೀಮೆನ್ಸ್ ಕಂಪನಿಯಲ್ಲಿಯೂ ದುಡಿದರು. 1886ರ ನವೆಂಬರಿನಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಾಗ ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್ಕು ಮತ್ತು ಒಬ್ಬ ಓಡಾಟದ ಹುಡುಗ, ಇಬ್ಬರೇ.

ಮಾರನೆಯ ವರ್ಷ ಒಬ್ಬ ಗಿರಾಕಿ ತನ್ನ ಎಂಜಿನ್ನಿಗೆ ಕಿಡಿ ಹೊತ್ತಿಸುವ ಉಪಕರಣ ಮಾಡಿಕೊಡುವಂತೆ ಕೇಳಿದ. ಆಗ ತಯಾರಾದದ್ದೇ ಮ್ಯಾಗ್ನೆಟೊ. ಅಯಸ್ಕಾಂತದ ನಡುವೆ ತಾಮ್ರದ ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಎಂಜಿನ್ನೇ ತಿರುಗಿ ತನ್ನ ಕಿಡಿಯನ್ನು ತಾನೇ ಮಾಡಿಕೊಳ್ಳುವುದರಿಂದ ಬ್ಯಾಟರಿಯ ಹಂಗಿಲ್ಲ. 1897ರಲ್ಲಿ ಇದನ್ನು ಮೂರು ಗಾಲಿಯ ಮೋಟಾರು ಗಾಡಿಗೆ ಅಳವಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದರು. 1906ರ ಹೊತ್ತಿಗೆ ಒಂದು ಲಕ್ಷ ಮ್ಯಾಗ್ನೆಟೊ ಮಾರಾಟವಾಗಿದ್ದವು. ಅದೇ ವರ್ಷ ಬಾಷ್ ತಮ್ಮ ಕಾರ್ಮಿಕರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಗೊತ್ತುಮಾಡಿದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆದರೆ ಮ್ಯಾಗ್ನೆಟೊಗೆ ಒಂದು ಕುಂದು ಇತ್ತು. ಎಂಜಿನ್ ತಿರುಗಿದರೆ ಮಾತ್ರ ಕಿಡಿ. ಮೊದಲ ಸುತ್ತು ತಿರುಗಿಸುವವರು ಯಾರು? ಮುಂದೆ ಹ್ಯಾಂಡಲ್ ಹಾಕಿ ಮನುಷ್ಯನೇ ತಿರುಗಿಸಬೇಕು. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹಳೆಯ ಆಯಿಲ್ ಎಂಜಿನ್ ತಿರುಗಿಸಿದವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ದೀಪಕ್ಕೆ ಕಾರ್ಬೈಡ್ ಗ್ಯಾಸೇ ಗತಿ.

ಇದಕ್ಕೆ ಉತ್ತರ ಕಂಡುಹಿಡಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಇವರೂ ಹಳ್ಳಿಯ ತೋಟದ ಮನೆಯವರೇ. ಎಂಜಿನ್ ತಿರುಗಿಸಲು ಭಾರಿ ಮೋಟಾರು ಬೇಕೆಂದು ಎಲ್ಲರೂ ನಂಬಿದ್ದಾಗ, ಕೆಲವೇ ಕ್ಷಣ ದುಡಿಯುವುದಾದರೆ ಸಣ್ಣ ಮೋಟಾರಿಗೂ ಅದರ ಶಕ್ತಿ ಮೀರಿದ ಭಾರ ಹೊರಿಸಬಹುದೆಂದು ಇವರು ತೋರಿಸಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಇಂದಿಗೂ ನಿಮ್ಮ ಟ್ರಾಕ್ಟರಿನ ಸೆಲ್ಫ್ ಕ್ಷಣಕಾಲದ ಕೂಲಿಯಾಳೇ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು, ಒಮ್ಮೆ ಹಿಡಿಯದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಪ್ರಯತ್ನಿಸಬೇಕು ಎನ್ನುವುದು ಈ ಕಾರಣದಿಂದಲೇ.

ಬ್ಯಾಟರಿ ಬೇಡವೆಂದು ಹೆಸರು ಮಾಡಿದ ಬಾಷ್ ಈಗ ಬ್ಯಾಟರಿಗೆ ಜಾಗ ಕೊಡಬೇಕಾಯಿತು. ಹಟ ಹಿಡಿದು ಕೂರಲಿಲ್ಲ. 1913ರಲ್ಲಿ ದೀಪ, ಡೈನಮೊ, ಬ್ಯಾಟರಿ, ರೆಗ್ಯುಲೇಟರ್ ಎಲ್ಲ ಸೇರಿದ ಒಂದು ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದರು. 1914ರಲ್ಲಿ ಸ್ಟಾರ್ಟರನ್ನೂ ಸೇರಿಸಿದರು. ಇವತ್ತು ಎಂಜಿನ್ ಇರುವ ಬಹುತೇಕ ವಾಹನಗಳಲ್ಲಿರುವುದೂ ಮೂಲತಃ ಇದೇ ಏರ್ಪಾಡು.

ಇದರ ಲೆಕ್ಕ ಕೈಗಡದ ಲೆಕ್ಕ. ಕೀಲಿ ತಿರುಗಿಸಿದಾಗ ಬ್ಯಾಟರಿ ಸೆಲ್ಫಿಗೆ ನೂರಾರು ಆಂಪಿಯರ್ ಕರೆಂಟನ್ನು ಕೆಲವು ಸೆಕೆಂಡು ಕೈಗಡ ಕೊಡುತ್ತದೆ. ಸೆಲ್ಫಿನ ಸಣ್ಣ ಹಲ್ಲುಚಕ್ರ ಎಂಜಿನ್ನಿನ ದೊಡ್ಡ ಚಕ್ರವನ್ನು ತಿರುಗಿಸಿ ಹಿಂದೆ ಸರಿಯುತ್ತದೆ. ಎಂಜಿನ್ ಎದ್ದ ಮೇಲೆ ಬೆಲ್ಟಿನಿಂದ ತಿರುಗುವ ಡೈನಮೊ, ಈಗಿನ ಗಾಡಿಗಳಲ್ಲಿ ಆಲ್ಟರ್ನೇಟರ್, ಆ ಸಾಲವನ್ನು ತೀರಿಸುತ್ತದೆ. ತೀರಿಸುವುದು ಅತಿಯಾಗದಂತೆ ನೋಡಿಕೊಳ್ಳುವುದು ರೆಗ್ಯುಲೇಟರ್. ಬ್ಯಾಟರಿಯೊಳಗೆ ಇರುವುದು ಸೀಸದ ಪ್ಲೇಟುಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ. ಇದನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದರು. ಸುಮಾರು ಎರಡೆರಡು ವೋಲ್ಟಿನ ಆರು ಮನೆ ಸೇರಿ ಹನ್ನೆರಡು ವೋಲ್ಟು. ಎಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಮೀಟರು ಹಿಡಿದರೆ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸುಮಾರು 14ಕ್ಕೆ ಏರಬೇಕು. ಏರದಿದ್ದರೆ ಸಾಲ ತೀರುತ್ತಿಲ್ಲವೆಂದೇ ಅರ್ಥ. ಬೆಲ್ಟ್ ಸಡಿಲವಾಗಿರಬಹುದು, ಡೈನಮೊ ಕೆಟ್ಟಿರಬಹುದು. ಅಲ್ಲಿ ಹೊಸ ಬ್ಯಾಟರಿ ತಂದಿಟ್ಟರೂ ವಾರದಲ್ಲಿ ಮತ್ತೆ ತಳ್ಳುವುದೇ. 14 ತೋರಿಸಿಯೂ ಸೆಲ್ಫ್ ಏಳದಿದ್ದರೆ ಮೊದಲು ಟರ್ಮಿನಲ್ಲಿನ ಬಿಳಿ ಪಾಚಿಯನ್ನು ತೊಳೆದು ಬಿಗಿಮಾಡಿ ನೋಡಿ.

ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಬೋರಿನ ನೀರಿನಲ್ಲಿರುವ ಲವಣ ಪ್ಲೇಟುಗಳನ್ನು ತಿನ್ನುತ್ತದೆ. ಆಸಿಡ್ ಸೇರಿಸಲೂಬಾರದು. ಬಾಯಿ ತೆರೆದ ಬ್ಯಾಟರಿಯ ಹತ್ತಿರ ಬೀಡಿ ಹಚ್ಚಬೇಡಿ, ಅಲ್ಲಿ ಏಳುವುದು ಸಿಡಿಯುವ ಗ್ಯಾಸು. ಇನ್ನೊಂದು ಕೆಟ್ಟ ಅಭ್ಯಾಸವಿದೆ: ಒಂದು ಗಾಡಿ ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿ ಪಕ್ಕದ ಗಾಡಿಗೆ ಹಾಕುವುದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ಅದರೊಳಗಿನ ಡಯೋಡುಗಳು ಸುಟ್ಟುಹೋಗಬಹುದು.

ಬಾಷ್ ಅವರ ಕಥೆಗೆ ಮರಳೋಣ. 1920ರ ದಶಕದಲ್ಲಿ ಬ್ಯಾಟರಿಯಿಂದಲೇ ಕಿಡಿ ಪಡೆಯುವ ಪದ್ಧತಿ ಹಬ್ಬಿ ಮ್ಯಾಗ್ನೆಟೊ ವ್ಯಾಪಾರ ಕುಸಿಯಿತು. ಸಾವಿರಾರು ಜನರನ್ನು ಕೆಲಸದಿಂದ ತೆಗೆಯಬೇಕಾಯಿತು. ಈ ಸಂಕಟದ ನಡುವೆಯೇ ಕೈಗೊಂಡ ಡೀಸೆಲ್ ಇಂಜೆಕ್ಷನ್ ಪಂಪಿನ ಕೆಲಸ 1927ರಲ್ಲಿ ಫಲಕೊಟ್ಟಿತು. ಡೀಸೆಲ್ಲಿಗೆ ಕಿಡಿಯೇ ಬೇಡ, ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದರೆ ಅಷ್ಟು ಒತ್ತಡದ ವಿರುದ್ಧ ತಿರುಗಿಸಲು ಸೆಲ್ಫಿಗೆ ಹೆಚ್ಚು ಬಲ ಬೇಕು. ಟ್ರಾಕ್ಟರಿನ ಬ್ಯಾಟರಿ ಕಾರಿನದಕ್ಕಿಂತ ದೊಡ್ಡದಿರುವುದು ಇದಕ್ಕಾಗಿ.

ಇಷ್ಟೆಲ್ಲ ಆದರೂ ಅವರ ಜೀವ ಮಣ್ಣಿನ ಕಡೆಗೇ ಎಳೆಯುತ್ತಿತ್ತು. ಬವೇರಿಯಾ ಪ್ರಾಂತದಲ್ಲಿ ಜವುಗು ಜಮೀನು ಕೊಂಡು, ಕಾಲುವೆ ತೋಡಿ ನೀರು ಬಸಿದು, ಹುಲ್ಲು ಬೆಳೆಸಿ ದನ ಸಾಕಿದರು. ಬಾಷ್‌ಹೋಫ್ ಎಂದು ಅದರ ಹೆಸರು. ಅದು ಲಾಭಕ್ಕಿಂತ ಹೆಚ್ಚಾಗಿ ಹಣ ನುಂಗಿತು. ಅಷ್ಟು ಜಾಣ ವ್ಯಾಪಾರಿಗೂ ಹೀಗಾಯಿತೆಂದರೆ ನಮಗೆ ಅಚ್ಚರಿಯೇನಿಲ್ಲ. ಮಗನೊಬ್ಬ 1921ರಲ್ಲಿ ದೀರ್ಘ ಕಾಯಿಲೆಯಿಂದ ತೀರಿಕೊಂಡ ದುಃಖವೂ ಅವರಿಗಿತ್ತು. ಹಿಟ್ಲರನ ಕಾಲದಲ್ಲಿ ಅವರ ಕಾರ್ಖಾನೆಗಳು ಯುದ್ಧಕ್ಕೆ ಸಾಮಾನು ಮಾಡಿದವು, ಬಲವಂತದ ಆಳುಗಳನ್ನೂ ದುಡಿಸಿದವು. ಅದೇ ಕಂಪನಿ ಹಿಟ್ಲರನ ವಿರೋಧಿಗಳಿಗೂ ಕೆಲವು ಯಹೂದಿಗಳಿಗೂ ಆಶ್ರಯ ಕೊಟ್ಟಿತು. ಎರಡೂ ನಿಜ. 1942ರ ಮಾರ್ಚ್ 12ರಂದು ಬಾಷ್ ನಿಧನರಾದರು.

1951ರಲ್ಲಿ ಅವರ ಕಂಪನಿಯ ಸಹಯೋಗದಿಂದ ಮೈಕೋ ಹುಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು, ಡೀಸೆಲ್ ಪಂಪುಗಳು ತಯಾರಾದವು. 2008ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಎಂದಾಯಿತು. ಮ್ಯಾಗ್ನೆಟೊ ಮಾತ್ರ ಪೂರ್ತಿ ಮರೆಯಾಗಿಲ್ಲ. ತೆಂಗಿನ ತೋಟದಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಪೆಟ್ರೋಲಿನ ಕಳೆ ಕತ್ತರಿಸುವ ಯಂತ್ರದ ಚಕ್ರದ ಮುಚ್ಚಳ ಬಿಚ್ಚಿ ನೋಡಿ, ಒಳಗೆ ಅಯಸ್ಕಾಂತವೂ ತಂತಿಯ ಸುರುಳಿಯೂ ಇರುತ್ತವೆ. ಅದರಲ್ಲಿ ಬ್ಯಾಟರಿ ಇಲ್ಲ.