ಹಳೆಯ ಲೆಕ್ಕ ಓದಿದ ಕಲೆಕ್ಟರ್

ಮಂತ್ರಾಲಯಕ್ಕೆ ಹೋಗಿಬಂದ ಕನ್ನಡಿಗರಿಗೆ ಥಾಮಸ್ ಮನ್ರೋ ಹೆಸರು ಹೊಸತಲ್ಲ. ಮಠದ ಜಮೀನಿನ ವಿಚಾರಣೆಗೆ ಬಂದ ಈ ಆಂಗ್ಲ ಅಧಿಕಾರಿಗೆ ರಾಘವೇಂದ್ರ ಸ್ವಾಮಿಗಳು ದರ್ಶನವಿತ್ತು ಮಾತನಾಡಿದರೆಂಬ ಐತಿಹ್ಯವನ್ನು ಕೇಳದವರು ಕಡಿಮೆ. ಅದಕ್ಕೂ ಮೊದಲು ಆತ ನಮ್ಮ ಕರಾವಳಿಯ ಮೊದಲ ಕಲೆಕ್ಟರ್ ಆಗಿದ್ದನೆಂಬುದು ಮಾತ್ರ ಮಂಗಳೂರಿನಲ್ಲೇ ಅನೇಕರಿಗೆ ತಿಳಿದಿಲ್ಲ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆಯುತ್ತಲೇ ಈ ಊರಿನಲ್ಲಿ ಆಯುಷ್ಯ ಕಳೆದ ನನಗೆ, ತೆರಿಗೆ ಬದಲಾದಾಗಲೆಲ್ಲ ಆತನ ನೆನಪಾಗುತ್ತದೆ.

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯವಹರಿಸುತ್ತಿದ್ದ ವ್ಯಾಪಾರಿ. ಅಮೆರಿಕದ ಸ್ವಾತಂತ್ರ್ಯ ಸಮರ ಆ ವ್ಯಾಪಾರವನ್ನು ನುಂಗಿಹಾಕಿತು. ಆ ಸಮರದ ಬೇರಿನಲ್ಲಿದ್ದದ್ದೂ ತೆರಿಗೆಯ ಜಗಳವೇ. ವರ್ತಕರ ಕಚೇರಿಯೊಂದರಲ್ಲಿ ಲೆಕ್ಕ ಕಲಿಯುತ್ತಿದ್ದ ಹುಡುಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದ. ಹೈದರ್ ಅಲಿಯ ವಿರುದ್ಧದ ಯುದ್ಧದಲ್ಲಿ ಸಾಮಾನ್ಯ ಸೈನ್ಯಾಧಿಕಾರಿಯಾಗಿ ದುಡಿದ. ತನ್ನ ಸಂಬಳದಲ್ಲಿ ಉಳಿಸಿ, ದಿವಾಳಿಯಾದ ತಂದೆತಾಯಿಗೆ ಹಣ ಕಳುಹಿಸುತ್ತಿದ್ದ. 1792ರಿಂದ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಕೈಕೆಳಗೆ ಕಂದಾಯದ ಕೆಲಸ ಕಲಿತ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೆನರಾ ಕಂಪನಿಯ ಪಾಲಾಯಿತು. ಮನಸ್ಸಿಲ್ಲದ ಮನಸ್ಸಿನಿಂದಲೇ ಮನ್ರೋ ಇಲ್ಲಿಗೆ ಬಂದ. ನಮ್ಮ ಮಳೆ ಆತನಿಗೆ ಒಗ್ಗಲಿಲ್ಲ. ವರ್ಗಾವಣೆಗಾಗಿ ಹಾತೊರೆಯುತ್ತಲೇ ಇದ್ದ. ವಿಟ್ಲದ ಅರಸ ದಂಗೆಯೆದ್ದಾಗ ಆತನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಇದನ್ನು ಮರೆತು ಮನ್ರೋನನ್ನು ಕೊಂಡಾಡುವುದು ಸರಿಯಲ್ಲ.

ಆದರೆ ಆತ ಮಾಡಿದ ಇನ್ನೊಂದು ಕೆಲಸವಿದೆ. ಹೊಸ ಕಂದಾಯ ಹೇರುವ ಮುನ್ನ ಶಾನುಭೋಗರ ಬಳಿ ಉಳಿದಿದ್ದ ಹಳೆಯ ಲೆಕ್ಕಗಳನ್ನು ತರಿಸಿ ಓದಿಸಿದ. ವಿಜಯನಗರದ ಹರಿಹರನ ಕಾಲದ್ದೆನ್ನಲಾದ ದರ, ಅದರ ಮೇಲೆ ಬಿದನೂರಿನ ನಾಯಕರು ಕಟ್ಟಿದ ಶಿಸ್ತು, 1763ರಲ್ಲಿ ಬಿದನೂರನ್ನು ಗೆದ್ದ ಹೈದರನ ಏರಿಕೆಗಳು, ಟಿಪ್ಪುವಿನ ಕಾಲದ ಸೇರ್ಪಡೆಗಳು ಪದರಪದರವಾಗಿ ಹೊರಬಂದವು. ಆತನಿಗೆ ಕಂಡದ್ದು ಇಷ್ಟು: ಬಿದನೂರಿನವರ ಕಾಲದಲ್ಲಿ ದರ ಬಹುಮಟ್ಟಿಗೆ ಸ್ಥಿರವಾಗಿತ್ತು. ಆದ್ದರಿಂದ ಭೂಮಿಗೆ ಬೆಲೆಯಿತ್ತು. ಜನ ಅದನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು. ಮುಂದೆ ಏರಿಕೆಯ ಮೇಲೆ ಏರಿಕೆ ಬಂದಾಗ ಎಷ್ಟೋ ವರ್ಗಗಳು ಕೊಳ್ಳುವವರಿಲ್ಲದೆ ಪಾಳುಬಿದ್ದವು.

ಬಿದನೂರಿನ ಶಿಸ್ತಿನ ಹಿಂದೆ ಶಿವಪ್ಪ ನಾಯಕನ ತಾಳ್ಮೆಯಿತ್ತು. ನಾನಾ ತರದ ಹೊಲಗಳನ್ನು ಸರ್ಕಾರದ ವತಿಯಿಂದಲೇ ಕೆಲವು ವರ್ಷ ಬೇಸಾಯ ಮಾಡಿಸಿ, ಬೀಜ, ಖರ್ಚು, ಫಸಲು ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು ಮೂರನೆಯ ಒಂದು ಪಾಲನ್ನು ನಿಗದಿ ಮಾಡಿದನೆಂದು ಇತಿಹಾಸ ಹೇಳುತ್ತದೆ. ಕೊಡುವವನ ಖರ್ಚನ್ನು ಮೊದಲು ಲೆಕ್ಕ ಹಾಕಿ ಬಳಿಕ ತೆರಿಗೆ ಗೊತ್ತುಮಾಡುವ ಆ ಕ್ರಮ ಇಂದಿಗೂ ಅಪರೂಪವೇ.

ಬಿದನೂರಿನ ಶಿಸ್ತಿಗೆ ಹೈದರನ ಏರಿಕೆಯ ಒಂದು ಪಾಲನ್ನಷ್ಟೇ ಸೇರಿಸಿ ದರವನ್ನು ಶಾಶ್ವತಗೊಳಿಸಬೇಕೆಂಬುದು ಮನ್ರೋನ ಶಿಫಾರಸಾಗಿತ್ತು. ಆದರೆ ತಾನೇ ಮೊದಲ ವರ್ಷ ವಸೂಲು ಮಾಡಿದಾಗ ಇಳಿಸಿದ್ದು ಅಲ್ಪ. ತಿಳಿದದ್ದನ್ನೆಲ್ಲ ಮಾಡುವ ಧೈರ್ಯ ಕಲೆಕ್ಟರನಿಗೂ ಇರಲಿಲ್ಲ. 1800ರ ಕೊನೆಯ ಹೊತ್ತಿಗೆ ಬಳ್ಳಾರಿ, ಕಡಪಾಗಳನ್ನೊಳಗೊಂಡ ದತ್ತ ಮಂಡಲಗಳಿಗೆ ಹೋದ. ಮಂತ್ರಾಲಯದ ಕಥೆ ಅಲ್ಲಿಯದು. 1807ರಲ್ಲಿ ಅಲ್ಲಿನ ಕಂದಾಯವನ್ನು ಶೇ 25ರಷ್ಟು ಇಳಿಸಬೇಕೆಂದು ಬರೆದಾಗ ಮೇಲಿನವರು ಒಪ್ಪದೆ, ಗ್ರಾಮಗಳನ್ನೇ ಗುತ್ತಿಗೆಗೆ ಕೊಡುವ ಏರ್ಪಾಡು ತಂದರು, ಅದು ಸೋತಿತು. 1820ರಲ್ಲಿ ಮದರಾಸಿನ ಗವರ್ನರ್ ಆಗಿ ಕುಳಿತ ಮೇಲಷ್ಟೇ ಆತನ ಮಾತು ನಡೆಯಿತು. 1827ರ ಜುಲೈ 6ರಂದು, ಊರಿಗೆ ಹಿಂದಿರುಗುವ ಸಿದ್ಧತೆಯಲ್ಲಿದ್ದಾಗ, ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ.

ಆತನ ಬಳಿಕ ಕೆನರಾದಲ್ಲಿ ಏನಾಯಿತೆಂಬುದೇ ನಮಗೆ ಪಾಠ. ಅಕ್ಕಿಯ ಬೆಲೆ ಕುಸಿದರೂ ಕಂದಾಯ ಕುಸಿಯದಿದ್ದಾಗ 1830–31ರಲ್ಲಿ ರೈತರು ಕೂಟ ಸೇರಿ ಕೊಡೆವೆಂದರು. 1834ರಲ್ಲಿ ಕೊಡಗನ್ನು ಕಂಪನಿ ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದ ಮೇಲೆ, ಅದುವರೆಗೆ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಲಾಯಿತು. ದರಕ್ಕಿಂತ ಕ್ರಮ ಬದಲಾದದ್ದೇ ದೊಡ್ಡ ಪೆಟ್ಟಾಯಿತು: ಕಣಜದಲ್ಲಿ ಭತ್ತವಿದ್ದವನೂ ಕೈಯಲ್ಲಿ ರೊಕ್ಕವಿಲ್ಲದೆ ಸಾಲಗಾರನಾದ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಮಂಗಳೂರನ್ನೇ ಹಿಡಿದದ್ದು, ಬಾವುಟಗುಡ್ಡೆಯ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆಂದರೆ, 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಹಲವು ವರ್ಷಗಳ ಬಾಕಿ ತೋರಿಸುವ ನೋಟಿಸುಗಳು ರಾಜ್ಯದ ಸಣ್ಣ ಅಂಗಡಿಗಳಿಗೆ ಬಂದವು. ಕ್ಯೂಆರ್ ಚೀಟಿ ಕಿತ್ತು ನಗದು ಮಾತ್ರ ಎಂದು ಬರೆದವರು ಹಲವರು. ಬಳಿಕ ಸರ್ಕಾರವೇ ಹಳೆಯ ಬಾಕಿಯ ವಸೂಲಿಯಿಂದ ಹಿಂದೆ ಸರಿಯಿತು. ಅದೇ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬಹುತೇಕ ಶೇ 5 ಮತ್ತು 18ಕ್ಕೆ ಇಳಿದವು. ಬೀಡಿಯ ಮೇಲಿನ ದರ ಶೇ 28ರಿಂದ 18ಕ್ಕೆ ಬಂದದ್ದು ಬಳಿಕ, 2026ರ ಫೆಬ್ರವರಿ 1ರಿಂದ. ಇಳಿಕೆ ಸ್ವಾಗತಾರ್ಹವೇ. ಆದರೆ ದಾಸ್ತಾನು ತುಂಬಿಸಿಕೊಂಡ ಅಂಗಡಿಯವನು ಹಳೆಯ ಬೆಲೆಗೆ ಕೊಂಡದ್ದನ್ನು ಹೊಸ ಬೆಲೆಗೆ ಮಾರುವ ಲೆಕ್ಕದಲ್ಲಿ ರಾತ್ರಿ ಕಳೆದ. ದೊಡ್ಡ ಸಂಸ್ಥೆಗೆ ಇದಕ್ಕೊಂದು ವಿಭಾಗವೇ ಇದೆ. ಆತನಿಗೆ ಇರುವುದು ಒಂದು ನೋಟುಬುಕ್ಕು ಮತ್ತು ನನ್ನಂಥ ಒಬ್ಬ ಲೆಕ್ಕಿಗ.

ಸಣ್ಣವನು ತೆರಿಗೆ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ದೀಪಾವಳಿಗೆ ಎಷ್ಟು ಸರಕು ತರಿಸಬೇಕು, ಮಗಳ ಓದಿಗೆ ಎಷ್ಟು ಎತ್ತಿಡಬೇಕು ಎಂದು ಆತ ಇಂದೇ ನಿರ್ಧರಿಸಬೇಕಾಗುತ್ತದೆ. ದರವೂ ಕ್ರಮವೂ ಕೆಲವು ವರ್ಷವಾದರೂ ನಿಲ್ಲುತ್ತವೆಂಬ ಭರವಸೆ, ಬದಲಾವಣೆಗೆ ಮುನ್ನ ಸಾಕಷ್ಟು ಕಾಲಾವಕಾಶ ಸಿಕ್ಕರೆ ಅವನಿಗೆ ಅಷ್ಟು ಸಾಕು. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಮಳೆಯನ್ನು ಶಪಿಸುತ್ತ ನಮ್ಮ ಹಳೆಯ ಲೆಕ್ಕ ಓದಿದ ಪರದೇಶಿಗೆ ಇದು ಅರ್ಥವಾಗಿತ್ತು. ನಮ್ಮವರಿಗೆ ಅರ್ಥವಾಗದಿರಲು ಕಾರಣವಿಲ್ಲ.