ಬಡವರ ಔಷಧದ ಗುರು ಫಾದರ್ ಮುಲ್ಲರ್

ನವೆಂಬರ್ ನಮ್ಮನ್ನಗಲಿದವರ ಸ್ಮರಣೆಯ ಮಾಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕಥೋಲಿಕ ಕುಟುಂಬಗಳಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರಿನ ಗುರುಗಳು ಆಸ್ಪತ್ರೆ ಕಟ್ಟಲೆಂದು ಬಂದವರಲ್ಲ.

1841ರಲ್ಲಿ ಜರ್ಮನಿಯಲ್ಲಿ ಜನಿಸಿದ ಅಗಸ್ಟಸ್ ಮುಲ್ಲರ್ ಯೇಸುಸಭೆಯನ್ನು ಸೇರಿ, 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಗುರುಗಳ ಮೊದಲ ತಂಡದಲ್ಲಿದ್ದರು. ಅವರಿಗೆ ದೊರೆತದ್ದು ಬೋಧನೆಯ ಕೆಲಸ. ಬಿಡುವಿನ ವೇಳೆಯಲ್ಲಿ ತಾವು ಬಲ್ಲ ಹೋಮಿಯೋಪಥಿ ಔಷಧಗಳನ್ನು ರೋಗಿಗಳಿಗೆ ಹಂಚತೊಡಗಿದರು. ಕಂಕನಾಡಿಯ ಆಲದ ಮರದಡಿ ಅವರು ಮದ್ದು ಕೊಡುತ್ತಿದ್ದರೆಂಬುದು ಇಂದಿಗೂ ಉಳಿದಿರುವ ನೆನಪು. 1880ರಲ್ಲಿ ಬಡವರ ಔಷಧಾಲಯವೇ ಆರಂಭವಾಯಿತು.

ಉಚಿತವಾಗಿ ಕೊಡುವ ಮದ್ದಿಗೆ ಹಣ ಎಲ್ಲಿಂದ ಬರಬೇಕು? ಗುರುಗಳ ಜಾಣ್ಮೆ ಇಲ್ಲಿದೆ. ಕೊಳ್ಳಬಲ್ಲವರಿಗೆ ಅಂಚೆಯ ಮೂಲಕ ಔಷಧಗಳನ್ನು ಮಾರಿದರು. ದೂರದೂರದ ಊರುಗಳಿಂದ ಬೇಡಿಕೆ ಬಂದಿತು. ಆ ಲಾಭ ಬಡ ರೋಗಿಗಳ ಪಾಲಾಯಿತು. ಹೋಮಿಯೋಪಥಿಯ ಗುಣವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲವೆಂಬುದು ನಿಜ. ಆದರೆ ಇಲ್ಲದವನ ಮದ್ದಿನ ಬೆಲೆಯನ್ನು ಇದ್ದವನು ತೆರಬೇಕೆಂಬ ಅವರ ಲೆಕ್ಕ ಹಳತಾಗಿಲ್ಲ.

ಹಾನಗಲ್ಲಿಗೆ ನೆರೆಯಾದ ಮುಂಡಗೋಡದ ಸಿದ್ದಿ ಬಾಂಧವರನ್ನು ನೆನೆದರೆ ಇದು ಮನದಟ್ಟಾಗುತ್ತದೆ. ಅವರಲ್ಲಿ ಅನೇಕರು ನಮ್ಮ ಧರ್ಮಸಭೆಯವರೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2008ರಲ್ಲಿ ಜನೌಷಧಿ ಯೋಜನೆಯೂ ಆರಂಭವಾಗಿ ಮಾತ್ರೆಗಳ ಬೆಲೆ ಇಳಿಯಿತು. ಆದರೆ ಅಂಗಡಿ ಇರುವುದು ಪೇಟೆಯಲ್ಲಿ, ಮನೆ ಇರುವುದು ಕಾಡಂಚಿನಲ್ಲಿ. ರಕ್ತದೊತ್ತಡದ ಮಾತ್ರೆಗಾಗಿ ಪ್ರತಿ ತಿಂಗಳೂ ಒಂದು ದಿನದ ಕೂಲಿ ಕಳೆದುಕೊಂಡು ಬಸ್ಸು ಹತ್ತಬೇಕಾದವರಿಗೆ ಅಗ್ಗದ ಮಾತ್ರೆಯೂ ಅಗ್ಗವಲ್ಲ.

ಮುಲ್ಲರರು ಅಂಥ ದೂರದವರನ್ನು ತಾವೇ ಹತ್ತಿರಕ್ಕೆ ಕರೆದುಕೊಂಡರು. ಊರೇ ಹೊರಗಿಟ್ಟಿದ್ದ ಕುಷ್ಠರೋಗಿಗಳಿಗಾಗಿ 1890ರಲ್ಲಿ ಕಂಕನಾಡಿಯಲ್ಲಿ ಆಶ್ರಯಧಾಮ ತೆರೆದರು. ಪ್ಲೇಗು ಹಬ್ಬಿದ 1902ರಲ್ಲಿ ಆ ರೋಗಿಗಳಿಗೂ ಪ್ರತ್ಯೇಕ ಆಸ್ಪತ್ರೆ ಎದ್ದಿತು. ಎರಡರಲ್ಲಿಯೂ ಆರೈಕೆ ಮಾಡುವವರಿಗೆ ಸೋಂಕಿನ ಭಯ ಇದ್ದೇ ಇತ್ತು. ಔಷಧ ಮಾರಾಟದ ಹಣ ಹೋದದ್ದು ಇಂಥ ಕಡೆಗೆ.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ದೈವಾಧೀನರಾದರು. ಅವರು ಆರಂಭಿಸಿದ ಔಷಧ ತಯಾರಿಕೆ ಇಂದಿಗೂ ಆ ಸಂಸ್ಥೆಯಲ್ಲಿ ನಡೆದು ಬಂದಿದೆ.