ಹೆರಾಲ್ಡ್ ಬ್ಲ್ಯಾಕ್ ಮತ್ತು ಆಂಪ್‌ನ ಆ ‘ಧಡ್’ ಸದ್ದು

ಹೋದ ಸೆಮಿಸ್ಟರ್ ಹಾಸ್ಟೆಲ್ ಡೇ ಮುಗಿದ ರಾತ್ರಿ ಸಾಮಾನು ಕಟ್ಟುವ ಗಡಿಬಿಡಿ. ಯಾರೋ ಮೊದಲು ಮಿಕ್ಸರ್‌ನ ಪ್ಲಗ್ ಕಿತ್ತರು. ಪವರ್ ಆಂಪ್ ಇನ್ನೂ ಆನ್ ಇತ್ತು, ವಾಲ್ಯೂಮ್ ಕೂಡ ಹಾಗೇ ಇತ್ತು. ಸ್ಪೀಕರ್‌ನಿಂದ ‘ಧಡ್’ ಅಂತ ಒಂದೇ ಒಂದು ಸದ್ದು. ಮಾರನೇ ದಿನ ನೋಡಿದರೆ ಒಂದು ವೂಫರ್ ಬಾಯಿ ಮುಚ್ಚಿಕೊಂಡಿತ್ತು. ಯಾರೋ ಅಂದೆನಲ್ಲ, ಅದು ನಾನೇ.

ಆ ಸದ್ದು ಯಾಕೆ ಬಂತು ಅಂತ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಹೆರಾಲ್ಡ್ ಸ್ಟೀಫನ್ ಬ್ಲ್ಯಾಕ್. ಈ ಹೆಸರು ನಮಗೆ ಹೊಸದೇನಲ್ಲ. ನೆಗೆಟಿವ್ ಫೀಡ್‌ಬ್ಯಾಕ್ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ, ಆಮೇಲೆ ನಾವು ಸೂತ್ರ ಬಾಯಿಪಾಠ ಮಾಡಿ ಆತನನ್ನು ಮರೆಯುತ್ತೇವೆ.

ಬ್ಲ್ಯಾಕ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಮಿನ್‌ಸ್ಟರ್ ಎಂಬ ಊರಲ್ಲಿ. ವೂಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಓದಿ 1921ರಲ್ಲಿ ನ್ಯೂಯಾರ್ಕ್‌ನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದ. ವಾರಕ್ಕೆ 32 ಡಾಲರ್ ಸಂಬಳ. ಕೆಲವು ತಿಂಗಳಲ್ಲಿ ಜೊತೆಯವರಿಗೆಲ್ಲ ಶೇಕಡಾ 10ರಷ್ಟು ಸಂಬಳ ಏರಿತು, ಈತನಿಗೆ ಇಲ್ಲ. ಕೆಲಸ ಬಿಡೋಣ ಅಂದುಕೊಂಡವನು ಬಿಡಲಿಲ್ಲ. ಬದಲಿಗೆ ಭಾನುವಾರಗಳಲ್ಲಿ ಕಚೇರಿಗೆ ಹೋಗಿ ಕಂಪನಿಯ ಹಳೇ ಟಿಪ್ಪಣಿ ಕಡತಗಳನ್ನು ಒಂದೊಂದಾಗಿ ಓದತೊಡಗಿದ. ಅಪ್ರೈಸಲ್ ಕೈಕೊಟ್ಟರೆ ನಮ್ಮ ಸೀನಿಯರ್‌ಗಳು ಮಾಡುವುದೇ ಬೇರೆ, ಇರಲಿ.

ಆ ಕಾಲದ ದೊಡ್ಡ ತಲೆನೋವು ದೂರದ ಟೆಲಿಫೋನ್. ಖಂಡದ ಆ ತುದಿಯಿಂದ ಈ ತುದಿಗೆ ಮಾತು ಹೋಗಬೇಕಾದರೆ ದಾರಿಯುದ್ದಕ್ಕೂ ವಾಲ್ವ್ ಆಂಪ್ಲಿಫೈಯರ್‌ಗಳು ಬೇಕು. ಒಂದೇ ತಂತಿಯಲ್ಲಿ ಹಲವು ಕರೆಗಳನ್ನು ಕಳಿಸಬೇಕೆಂದರೆ ಅವುಗಳ ಸಂಖ್ಯೆ ಇನ್ನೂ ಹೆಚ್ಚು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಡಿಸ್ಟಾರ್ಶನ್ ಸೇರಿಸುತ್ತದೆ. ನೂರಾರು ಆಂಪ್ ದಾಟುವಷ್ಟರಲ್ಲಿ ಕರೆಗಳು ಒಂದರೊಳಗೊಂದು ಕಲಸಿ ಮೊಸರನ್ನ. ಎಲ್ಲರೂ ವಾಲ್ವನ್ನೇ ಇನ್ನಷ್ಟು ಶುದ್ಧ ಮಾಡಲು ಒದ್ದಾಡುತ್ತಿದ್ದರು, ಬ್ಲ್ಯಾಕ್ ಕೂಡ.

1923ರ ಮಾರ್ಚ್‌ನಲ್ಲಿ ಸ್ಟೈನ್‌ಮೆಟ್ಸ್ ಭಾಷಣ ಕೇಳಿ ರಾತ್ರಿ ಎರಡು ಗಂಟೆಗೆ ಮನೆ ಸೇರಿದಾಗ ಆತನಿಗೆ ಪ್ರಶ್ನೆಯೇ ಬೇರೆ ಥರ ಕಂಡಿತು. ಆಂಪ್ ಕೆಟ್ಟದಾಗೇ ಇರಲಿ, ಅದು ಮಾಡಿದ ತಪ್ಪನ್ನು ಮಾತ್ರ ಬೇರೆ ತೆಗೆದು ಕಳೆದುಬಿಟ್ಟರೆ? ಹುಟ್ಟಿದ್ದು ಫೀಡ್‌ಫಾರ್ವರ್ಡ್. ಪ್ರಯೋಗಾಲಯದಲ್ಲಿ ಕೆಲಸವನ್ನೂ ಮಾಡಿತು. ಆದರೆ ಎರಡು ಆಂಪ್‌ಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಸರಿಹೊಂದಿರಬೇಕು. ಹಾಗಿರಬೇಕೆಂದರೆ ದಿನದ 24 ಗಂಟೆಯೂ ಗಂಟೆಗೊಮ್ಮೆ ಯಾರಾದರೂ ಫಿಲಮೆಂಟ್ ಕರೆಂಟ್ ತಿರುಗಿಸಿ ಸರಿಮಾಡಬೇಕು. ಆರು ಗಂಟೆಗೊಮ್ಮೆ ಬ್ಯಾಟರಿ ವೋಲ್ಟೇಜ್ ಬೇರೆ. ಕಾಡುಮೇಡಿನಲ್ಲಿ ನಿಂತ ರಿಪೀಟರ್‌ಗೆ ಹೀಗೆ ಕೈಹಚ್ಚುತ್ತ ಕೂರುವವರು ಯಾರು? ಬ್ಲ್ಯಾಕ್‌ಗೆ ಬೇಕಿದ್ದದ್ದು ಮನುಷ್ಯನ ಕೈ ಬೇಡದ ಆಂಪ್. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ವೂಫರ್ ಕಥೆ ಇಲ್ಲಿಗೇ ವಾಪಸ್ ಬರುತ್ತೆ.

ನಾಲ್ಕು ವರ್ಷ ಹೀಗೇ ಕಳೆಯಿತು. 1927ರ ಆಗಸ್ಟ್ 2, ಮಂಗಳವಾರ ಬೆಳಿಗ್ಗೆ. ಬ್ಲ್ಯಾಕ್ ಎಂದಿನಂತೆ ಲ್ಯಾಕವಾನಾ ಫೆರಿಯಲ್ಲಿ ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೊರಟಿದ್ದ. ಔಟ್‌ಪುಟ್‌ನ ಒಂದು ಪಾಲನ್ನು ಉಲ್ಟಾ ಫೇಸ್‌ನಲ್ಲಿ ಇನ್‌ಪುಟ್‌ಗೆ ವಾಪಸ್ ಕೊಟ್ಟರೆ ಆಂಪ್ ತನ್ನ ತಪ್ಪನ್ನು ತಾನೇ ಅಳಿಸಿಕೊಳ್ಳುತ್ತದೆ ಎನ್ನುವುದು ದೋಣಿಯಲ್ಲೇ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್‌ನ ಖಾಲಿ ಜಾಗದಲ್ಲಿ ಚಿತ್ರ, ಸಮೀಕರಣ ಎರಡನ್ನೂ ಗೀಚಿ ಸಹಿ ಹಾಕಿದ. ವೆಸ್ಟ್ ಸ್ಟ್ರೀಟ್‌ನ ಪ್ರಯೋಗಾಲಯ ತಲುಪಿ ಸಹೋದ್ಯೋಗಿಯಿಂದ ಸಾಕ್ಷಿ ಸಹಿಯನ್ನೂ ಹಾಕಿಸಿಕೊಂಡ. ಅಷ್ಟು ಹೊತ್ತಿಗೆ ಆ ಸಂಸ್ಥೆ ಬೆಲ್ ಲ್ಯಾಬ್ಸ್ ಆಗಿತ್ತು. ಅದೇ ವರ್ಷ ಡಿಸೆಂಬರ್ 29ರಂದು ಪ್ರಯೋಗದಲ್ಲಿ ಡಿಸ್ಟಾರ್ಶನ್ ಒಂದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಿತು.

ಯಾರೂ ಹಾರ ಹಾಕಲಿಲ್ಲ. ಕಷ್ಟಪಟ್ಟು ಗಳಿಸಿದ ಗೇನ್ ಅನ್ನು ಬೇಕಂತಲೇ ಬಿಸಾಡುವುದೆಂದರೆ ಆ ಕಾಲದ ಎಂಜಿನಿಯರ್‌ಗಳಿಗೆ ಹುಚ್ಚು. ಸಂಶೋಧನಾ ನಿರ್ದೇಶಕರು ಒಪ್ಪದೆ ಮಾಮೂಲಿ ಆಂಪ್ ಮಾಡು ಅಂದರು. ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1928ರಲ್ಲಿ, ಅಮೆರಿಕದಲ್ಲಿ ಅದು ಕೈಗೆ ಬಂದದ್ದು 1937ರ ಡಿಸೆಂಬರ್‌ನಲ್ಲಿ. ಬ್ರಿಟನ್ ಪೇಟೆಂಟ್ ಕಚೇರಿಯಂತೂ ಇದನ್ನು ಸದಾ ತಾನೇ ತಿರುಗುವ ಯಂತ್ರದ ಸಾಲಿಗೆ ಸೇರಿಸಿ, ಕೆಲಸ ಮಾಡುವ ಮಾದರಿ ತೋರಿಸಿ ಅಂತ ಕೇಳಿತು. ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ 70 ಆಂಪ್‌ಗಳು ಸಾಲಾಗಿ ದುಡಿಯುತ್ತಿವೆ ಎಂದು ತೋರಿಸಿದ ಮೇಲೆ ಬಾಯಿ ಮುಚ್ಚಿದ್ದು.

ಅನುಮಾನದಲ್ಲಿ ಒಂದು ಪಾಲು ನಿಜವೂ ಇತ್ತು. ವಾಪಸ್ ಕೊಟ್ಟ ಸಿಗ್ನಲ್ ತಡವಾಗಿ ಬಂದರೆ ‘ಉಲ್ಟಾ’ ಇದ್ದದ್ದು ‘ಸೀದಾ’ ಆಗಿ ಆಂಪ್ ತಾನೇ ಶಿಳ್ಳೆ ಹೊಡೆಯುತ್ತದೆ. ಯಾವಾಗ ಹೊಡೆಯುತ್ತದೆ ಅಂತ 1932ರಲ್ಲಿ ಲೆಕ್ಕ ಕೊಟ್ಟವನು ನೈಕ್ವಿಸ್ಟ್. ಹೌದು, ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ನಮ್ಮನ್ನು ಕಾಡುವ ಅದೇ ನೈಕ್ವಿಸ್ಟ್. ಆ ಲೆಕ್ಕದಲ್ಲೊಂದು ವಿಚಿತ್ರ ಅಡಗಿದೆ: ಕೆಲವು ಆಂಪ್‌ಗಳು ಪೂರ್ತಿ ಗೇನ್‌ನಲ್ಲಿ ಶಾಂತ, ಆದರೆ ಗೇನ್ ಕಮ್ಮಿಯಾದರೆ ಕೂಗುತ್ತವೆ. ಸ್ವಿಚ್ ಹಾಕಿದಾಗ ವಾಲ್ವ್ ಬಿಸಿಯಾಗುತ್ತ ಗೇನ್ ಸೊನ್ನೆಯಿಂದ ಏರುತ್ತದಲ್ಲ, ಆ ದಾರಿಯಲ್ಲಿ ಈ ಕೂಗುವ ಜಾಗವನ್ನು ದಾಟಲೇಬೇಕು.

ನನ್ನ ‘ಧಡ್’ ಸದ್ದಿನ ಬೇರೂ ಹತ್ತಿರದಲ್ಲೇ ಇದೆ. ಆಂಪ್ ತನ್ನ ತಪ್ಪನ್ನು ತಿದ್ದಿಕೊಳ್ಳಬೇಕೆಂದರೆ ಒಳಗೆ ಗೇನ್ ಇರಬೇಕು. ಸಪ್ಲೈ ಇನ್ನೂ ಏರುತ್ತಿರುವಾಗ, ಅಥವಾ ಸ್ವಿಚ್ ತೆಗೆದ ಮೇಲೆ ಕೆಪಾಸಿಟರ್ ಖಾಲಿಯಾಗುತ್ತಿರುವಾಗ ಗೇನೂ ಇಲ್ಲ, ತಿದ್ದುವುದೂ ಇಲ್ಲ. ಆ ಒಂದೆರಡು ಸೆಕೆಂಡ್ ಔಟ್‌ಪುಟ್ ಯಾವ ಕಡೆಗಾದರೂ ವಾಲಬಹುದು. ಪ್ಲಸ್ ಮೈನಸ್ 35 ವೋಲ್ಟ್ ಸಪ್ಲೈನ ಆಂಪ್ ಒಂದು ಕಡೆಗೆ ಪೂರ್ತಿ ವಾಲಿ ನಿಂತರೆ 8 ಓಮ್ ಸ್ಪೀಕರ್‌ನಲ್ಲಿ 150 ವ್ಯಾಟ್‌ಗೂ ಹೆಚ್ಚು ಡಿಸಿ. ಕಾಯಿಲ್ ಅಲ್ಲಾಡುವುದಿಲ್ಲ, ಬರೀ ಬೇಯುತ್ತದೆ. ಅದಕ್ಕೇ ಒಳ್ಳೇ ಆಂಪ್‌ಗಳಲ್ಲಿ ಸ್ವಿಚ್ ಹಾಕಿ ಕೆಲವು ಸೆಕೆಂಡ್ ಆದ ಮೇಲೆ ‘ಟಕ್’ ಅಂತ ಕೇಳಿಸುವುದು. ಅದು ರಿಲೇ. ಒಳಗೆ ಎಲ್ಲ ಸರಿಹೋದ ಮೇಲೆ ಸ್ಪೀಕರನ್ನು ಜೋಡಿಸುತ್ತೆ, ಕರೆಂಟ್ ಹೋದ ತಕ್ಷಣ ಬಿಡಿಸುತ್ತೆ.

ಆದರೆ ನಮ್ಮ ಆಂಪ್‌ನಲ್ಲೂ ರಿಲೇ ಇತ್ತು! ತಪ್ಪು ಮಾಡಿದ್ದು ಆಂಪ್ ಅಲ್ಲ, ಅದರ ಹಿಂದಿದ್ದ ಮಿಕ್ಸರ್. ಸಾಯುವಾಗ ಮಿಕ್ಸರ್ ಒಂದು ವೋಲ್ಟ್ ಜಿಗಿದರೆ, ಸುಮಾರು 28 ಪಟ್ಟು ಗೇನ್ ಇರುವ ಆಂಪ್ ಅದನ್ನು 28 ವೋಲ್ಟ್ ಮಾಡಿ ಸ್ಪೀಕರ್‌ಗೆ ಕೊಡುತ್ತೆ. ಫೀಡ್‌ಬ್ಯಾಕ್ ಆಂಪ್‌ನ ತಪ್ಪನ್ನು ತಿದ್ದೀತು, ಇನ್‌ಪುಟ್‌ಗೆ ಬಂದದ್ದೇ ತಪ್ಪು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಹಾಕುವಾಗ ಫೋನ್ ಅಥವಾ ಲ್ಯಾಪ್‌ಟಾಪ್, ಆಮೇಲೆ ಮಿಕ್ಸರ್, ವಾಲ್ಯೂಮ್ ಕೆಳಗಿಟ್ಟು ಕೊನೆಗೆ ಆಂಪ್. ತೆಗೆಯುವಾಗ ಆಂಪ್ ಮೊದಲು, ಅದು ತಣ್ಣಗಾಗುವವರೆಗೆ ಮಿಕ್ಸರ್ ಮುಟ್ಟಬಾರದು. ಆಂಪ್ ಆನ್ ಇರುವಾಗ ಆರ್‌ಸಿಎ ಪಿನ್ ಕೀಳೋದು, ಸಿಗಿಸೋದು ಬೇಡ. ಅದರ ನಡುವಿನ ಕಡ್ಡಿ ಗ್ರೌಂಡ್‌ಗಿಂತ ಮೊದಲೇ ತಾಗಿ ಗುಂಯ್ ಅನ್ನುತ್ತೆ. ನಮ್ಮ ಕಡೆ ಇನ್ನೊಂದು ಪೀಡೆ ಪವರ್ ಕಟ್. ಕರೆಂಟ್ ಹೋದ ಕೂಡಲೇ ಆಂಪ್ ಸ್ವಿಚ್ ಆಫ್ ಮಾಡಿ, ಇಲ್ಲದಿದ್ದರೆ ವಾಪಸ್ ಬಂದಾಗ ಎಲ್ಲ ಒಟ್ಟಿಗೇ ಎದ್ದು ಕೂರುತ್ತವೆ. ದೊಡ್ಡ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಅನ್ನು ಆಫ್ ಮಾಡಿದ ಮರುಕ್ಷಣ ಆನ್ ಮಾಡುವುದೂ ಬೇಡ. ಮೊದಲ ಹೊಡೆತದ ಕರೆಂಟ್ ತಡೆಯಲು ಥರ್ಮಿಸ್ಟರ್ ಹಾಕಿದ್ದರೆ ಅದು ಇನ್ನೂ ಬಿಸಿಯಾಗಿರುತ್ತೆ, ಬಿಸಿ ಇದ್ದಾಗ ಅದು ತಡೆಯೋದಿಲ್ಲ. ಒಂದೆರಡು ನಿಮಿಷ ಕಾಯಿರಿ, ಅಷ್ಟರಲ್ಲಿ ಟೀ ಕುಡಿದು ಬರಬಹುದು.

ಗಂಟೆಗೊಮ್ಮೆ ತಿರುಗಿಸುವ ಕೈಯನ್ನು ಬ್ಲ್ಯಾಕ್ ಬೇಡವಾಗಿಸಿದ. ಶುರುವಿನ ಮತ್ತು ಕೊನೆಯ ಆ ಎರಡು ಸೆಕೆಂಡ್‌ಗಳು ಮಾತ್ರ ಇನ್ನೂ ನಮ್ಮ ಕೈಯಲ್ಲೇ ಇವೆ.

ಆತ 1963ರವರೆಗೆ ಬೆಲ್ ಲ್ಯಾಬ್ಸ್‌ನಲ್ಲಿದ್ದ. ಮಾಡ್ಯುಲೇಶನ್ ಬಗ್ಗೆ ಪುಸ್ತಕ ಬರೆದ. ದೋಣಿಯ ಆ ಬೆಳಗಿನ ಕಥೆಯನ್ನು ಸರಿಯಾಗಿ 50 ವರ್ಷ ಕಳೆದ ಮೇಲೆ, 1977ರಲ್ಲಿ, ಎಂಜಿನಿಯರ್‌ಗಳ ಪತ್ರಿಕೆಯೊಂದರಲ್ಲಿ ತಾನೇ ವಿವರವಾಗಿ ಹೇಳಿಕೊಂಡ. 1983ರ ಡಿಸೆಂಬರ್‌ನಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡಾಗ ಆತ್ಮಕಥೆ ಬರೆಯುತ್ತಿದ್ದ. ಅದಕ್ಕೆ ಇಡಬೇಕೆಂದಿದ್ದ ಹೆಸರಿನ ಅರ್ಥ, ಫೆರಿ ದಡ ಸೇರುವ ಮುನ್ನ.